ಗೋಡೆಯಾಚೆಯ ಸಪ್ಪಳ

ಹಂಗಾದ್ರ ಈ ಸಪ್ಪಳ ಎಲ್ಲಿಂದ ಬರಾಕತ್ತೈತಿ? ಬಾಯಿಬಿಟ್ಟೇ ಕೇಳಿಬಿಟ್ಟೆ, ಯಾರನ್ನ ಕೇಳಿದೆ, ಯಾರೂ ಇಲ್ಲ, ಹಿತ್ತಲಲ್ಲಿ ಬೋರಲು ಬಿದ್ದ ಒರಳಕಲ್ಲು, ಅದರ ಮೇಲೆ ನಾನು, ಗೋಡೆಯ ಮೇಲೆ ನನ್ನ ಗದ್ದ, ಗೋಡೆಯ ಆಚೆ ನಾಗರತ್ನಾಳ ಮಶೀನು — ನಿಂತಿದೆ, ಬೂದುಬಣ್ಣದ ಪೆಟ್ಟಿಗೆ, ಪೆಟ್ಟಿಗೆಗೆ ಕಬ್ಬಿಣದ ಜಾಳಿಗೆ, ಜಾಳಿಗೆಯ ಹಿಂದೆ ದೊಡ್ಡ ರೆಕ್ಕೆ, ತಿರುಗುವಾಗ ಅದು ರೆಕ್ಕೆಯಂತೆ ಕಾಣುವುದೇ ಇಲ್ಲ, ಬರೀ ಮಸುಕು ಚಕ್ರ, ಈಗ ರೆಕ್ಕೆ ರೆಕ್ಕೆಯಾಗಿಯೇ ಕಾಣುತ್ತಿದೆ, ಅದರ ಅಂಚಿಗೆ ಕೂತ ಧೂಳೂ ಕಾಣುತ್ತಿದೆ, ಜಾಳಿಗೆಗೆ ಸಿಕ್ಕಿಕೊಂಡ ಒಂದು ಕೆಂಪು ರೇಷ್ಮೆ ಎಳೆ, ಬಣ್ಣ ಹಾಕಿದ ನೂಲಿನ ಲಡಿ ಹಿಂಡುವಾಗ ಹಾರಿ ಬಂದದ್ದಿರಬೇಕು, ನೆಟ್ಟಗೆ ಕೆಳಗೆ ಇಳಿಬಿದ್ದಿದೆ, ಅಲುಗುವುದಿಲ್ಲ, ಮಶೀನು ಚಾಲೂ ಇದ್ದಿದ್ದರೆ ಹುಚ್ಚು ಹಿಡಿದಂತೆ ಕುಣಿಯಬೇಕಿತ್ತು ಅದು — ವೈರು ಕಿತ್ತು, ಸುತ್ತಿ, ಹಳೆಯ ಸೀರೆ ಅಂಚಿನಿಂದ ಕಟ್ಟಿ ಮೊಳೆಗೆ ತೂಗುಹಾಕಿದ್ದಾಳೆ, ಆ ಸುರುಳಿಯ ಮೇಲೂ ಧೂಳು, ಇವತ್ತು ಕಿತ್ತದ್ದಲ್ಲ, ನಿನ್ನೆಯದಲ್ಲ, ಹಾಗಾದರೆ ನಾನು ಹೇಳಿದ ದಿನವೇ ಕಿತ್ತಿದ್ದಾಳೆ, ಹೇಳಿದ ಹೊತ್ತಿಗೇ. ಆದರೆ ಸಪ್ಪಳ ಇದೆ. ಗುಂಯ್ ಅಂತ ಇದೆ. ನಿಂತ ರೆಕ್ಕೆ ನೋಡುತ್ತ ನಿಂತಿದ್ದೇನೆ, ಗುಂಯ್ ಅನ್ನುತ್ತಿದೆ, ಎಳೆ ನೇರ ನಿಂತಿದೆ, ಗುಂಯ್ ಅನ್ನುತ್ತಿದೆ, ಎರಡೂ ಅಂಗೈ ಎತ್ತಿ ಕಿವಿ ಮುಚ್ಚಿಕೊಂಡೆ — ಯಾ ಅಲ್ಲಾ — ಜೋರಾಯಿತು, ಮುಚ್ಚಿದರೆ ಜೋರಾಯಿತು, ಹೊರಗಿನ ಬಾಗಿಲು ಹಾಕಿಕೊಂಡು ಒಳಗೇ ಕೂತು ತಿರುಗುವ ಹಾಗೆ, ಗೋಡೆಯ ಆಚೆಯದಲ್ಲ ಇದು, ಗೋಡೆಯ ಈಚೆಯದು, ನನ್ನ ತಲೆಬುರುಡೆಯ ಈಚೆಯದು.

ಹಿಡಿಯಬೇಕೆಂದು ಹತ್ತಿದ್ದೆನಲ್ಲ, ಕಳ್ಳಿಯನ್ನು ಹಿಡಿಯುವವರ ಹಾಗೆ ಚಪ್ಪಲಿ ಬಿಟ್ಟು, ಒರಳು ಹೊರಳಿಸಿಕೊಂಡು, ಸದ್ದಾಗದ ಹಾಗೆ — ಸದ್ದಾಯಿತೋ ಇಲ್ಲವೋ ನನಗೇನು ಗೊತ್ತು — ಆಣಿ ಮುರಿದಿದ್ದಾಳೆ, ಮೊಹರಮ್ಮಿನ ಅಲಾಯಿ ದೇವರ ಆಣಿ ತಿಂದು ಹಿತ್ತಲಲ್ಲಿ ಮಶೀನು ಹಚ್ಚಿಕೊಂಡು ಕೂತಿದ್ದಾಳೆ, ನಾ ಮುಂಜಾನೆ ಎದ್ದ ಕೂಡಲೇ ಕೇಳಾಕತ್ತೇನಿ, ಊಟಕ್ಕ ಕೂತಾಗ ಕೇಳಾಕತ್ತೇನಿ, ನಮಾಜಿಗೆ ನಿಂತಾಗ ಕೇಳಾಕತ್ತೇನಿ, ಹೀಗೆ ದಿನಾ ಹೆಂಡತಿ ಜೈನಬಿಯ ಮುಂದೆ ಗೊಣಗಿದ್ದೇ ಗೊಣಗಿದ್ದು, ಅವಳು ರೊಟ್ಟಿ ಬಡಿಯುತ್ತ ಏನೋ ಅನ್ನುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಏನನ್ನುತ್ತಿದ್ದಳು ಜೈನಬಿ? ಬೆನ್ನು ನನ್ನ ಕಡೆಗೆ, ಮೋರೆ ಒಲೆಯ ಕಡೆಗೆ, ಹೆಗಲು ಏಳುತ್ತದೆ ಬೀಳುತ್ತದೆ, ಹೂಂ. ಇಲ್ಲಿ ಈ ರೆಕ್ಕೆ ನಿಂತೇ ಇದೆ. ನಾಗರತ್ನಾ ನಮ್ಮ ಪಕ್ಕದ ಮನೆಯವಳು, ನೂಲಿಗೆ ಬಣ್ಣ ಹಾಕುವವಳು, ಇಳಕಲ್ಲಿನ ಅರ್ಧ ಮಗ್ಗಕ್ಕೆ ಕೆಂಪು ಅವಳ ಕೈಯಿಂದಲೇ ಹೋಗಬೇಕು, ಬಣ್ಣಕ್ಕೆ ಬಿಸಿನೀರು, ಬಿಸಿನೀರಿಗೆ ಕಟ್ಟಿಗೆ, ಕಟ್ಟಿಗೆಯ ಹೊಗೆ ಅವಳ ಎದೆ ತಿಂದಿತ್ತು, ಬಾಗಲಕೋಟೆಯ ದವಾಖಾನೆಯಲ್ಲಿ ಹೊಗಿ ಕುಡಿಯೂದು ಬಿಡವ್ವಾ ಅಂದರಂತೆ, ಬೀಡಿ ಸೇದ್ಯಾಳ್ನಂಗ ಬೈದ್ರರಿ ಕಾಕಾ ಅಂತ ಅವಳೇ ನಗುತ್ತ ಹೇಳಿದ್ದಳು, ಹೋಳಿಯ ಮುಂದೆ ಈ ಮಶೀನು ತಂದಳು, ಹೀಟ್ ಪಂಪ್, ಗಾಳಿಯಲ್ಲಿನ ಕಾವು ಹೀರಿ ನೀರಿಗೆ ಕೊಡುತ್ತದಂತೆ, ಕಾವು ಕಳಕೊಂಡ ಗಾಳಿ ತಣ್ಣಗಾಗಿ ನಮ್ಮ ಹಿತ್ತಲಿಗೆ ಬರುತ್ತಿತ್ತು, ಬೇಸಗೆಯ ಆ ಉರಿಬಿಸಿಲಲ್ಲಿ ಜೈನಬಿ ಗೋಡೆಗೆ ಒರಗಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು, ಆಹಾ ಪುಗಸಟ್ಟೆ ಏಸಿ ನೋಡು ನಮಗ, ಅಂಥಾ ಸಪ್ಪಳರೇ ಏನೈತಿ, ಬೆಕ್ಕು ಗುರುಗುಟ್ಟಿದಂಗ ಐತಿ, ನಿನಗ ಅದೆಂಥಾ ತ್ರಾಸು ಅನ್ನುತ್ತಿದ್ದಳು. ಮುಂದೆ ಒಂದು ದಿನ ಅವಳು ಗೋಡೆ ಬಿಟ್ಟು ಬೇವಿನ ಬುಡಕ್ಕೆ ಹೋಗಿ ಕೂತಳು, ನೋಡಿದೆ, ನೋಡಿಯೂ ಯಾಕೆಂದು ಯೋಚಿಸಲಿಲ್ಲ, ತಂಪು ನಿಂತಿತ್ತು, ಅದಕ್ಕೇ ಎದ್ದು ಹೋಗಿದ್ದಳು, ನನ್ನ ಮೈಗೂ ಗೊತ್ತಾಗಬೇಕಿತ್ತಲ್ಲ, ಕಣ್ಣಿಗೆ ಗೊತ್ತಾಗಬೇಕಿತ್ತಲ್ಲ, ನಾಗರತ್ನಾಳ ಅಂಗಳದಿಂದ ಮತ್ತೆ ಹೊಗೆ ಏಳುತ್ತಿತ್ತು, ಕರ್ರನೆ ಜಾಲಿ ಕಟ್ಟಿಗೆಯ ಹೊಗೆ, ಹಬ್ಬದ ಅಡಿಗಿ ಮಾಡಾಕತ್ತಿರಬೇಕು ಅಂದುಕೊಂಡೆ, ಇಷ್ಟು ದಿನ ಎಂಥ ಅಡಿಗೆ, ಯಾವ ಬೀಗರು ಬಂದಿದ್ದರು ಅವಳ ಮನೆಗೆ!

ಕಿವಿಯ ಮನುಷ್ಯ ನಾನು. ಬೇರೆ ಏನಿದೆ ನನ್ನ ಹತ್ತಿರ, ಜಾಫರಸಾಬ ಅಂದರೆ ಯಾರು, ಮಗ್ಗದಾವ ಅಂದರೆ ಓಣಿಯಲ್ಲಿ ಹತ್ತು ಜನ ತಿರುಗುತ್ತಾರೆ, ಮೇಳದ ಕಿವಿ ಅಂದರೆ ನಾನೊಬ್ಬನೇ — ಮೊಹರಮ್ಮಿಗೆ ಅಲಾಯಿ ಕಟ್ಟೆಯ ಮುಂದೆ ನಮ್ಮ ಮೇಳ ರಿವಾಯತ ಪದ ಹಾಡುವುದು ಅಜ್ಜನ ಕಾಲದಿಂದ, ಹಸನ ಹುಸೇನರ ಕಥೆ, ಕರ್ಬಲದ ನೀರಡಿಕೆ, ಕನ್ನಡದಲ್ಲಿ, ನಮ್ಮ ಬಾಯಿಯ ಕನ್ನಡದಲ್ಲಿ, ಒಂದೊಂದು ಪದ ಬೆಳತನಕ ಮುಗಿಯುವುದಿಲ್ಲ, ಕಾಗದದ ಮೇಲೆ ಒಂದು ಅಕ್ಷರ ಇಲ್ಲ, ಮೊಬೈಲಿನಲ್ಲಿ ತುಂಬಿಕೊಳ್ಳಲೂ ಕೊಡುವುದಿಲ್ಲ, ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ, ಹಾಡುವವನೊಬ್ಬ, ಅವನ ಬೆನ್ನ ಹಿಂದೆ ಹಾಡದೆ ನಿಲ್ಲುವವನೊಬ್ಬ, ಅವನೇ ಕಿವಿ, ಇಡೀ ಪದ ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ನಿಲ್ಲಬೇಕು, ಹಾಡುವವನು ಎಡವಿದನೋ, ಮುಂದಿನ ಮಾತು ಅವನ ಹೆಗಲ ಮೇಲಿಂದ ಮೆಲ್ಲಗೆ ದಾಟಿಸಬೇಕು, ಕೂತವರಿಗೆ ತಿಳಿಯಬಾರದು, ಮೊದಲು ಅಪ್ಪ ಕಿವಿಯಾಗಿದ್ದ, ಆಮೇಲೆ ನಾನು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತ ಪದ ಹೇಳುತ್ತಿದ್ದ, ಒಂದು ಎಸೆತಕ್ಕೆ ಒಂದು ಮಾತು, ನಾನು ಹಾಸುನೂಲಿನ ಕೆಳಗೆ ತೂರಿಕೊಂಡು ಮಲಗಿ ಕೇಳುತ್ತಿದ್ದೆ, ಮೇಲೆ ಕೆಂಪು ಹಸಿರು ಎಳೆಗಳ ಆಕಾಶ, ಪದ ನೂಲಿನೊಳಗಿಂದ ಸೋಸಿ ಬಂದಂತೆ ಬರುತ್ತಿತ್ತು, ಈಗಲೂ ಬರುತ್ತದೆ, ಈಗ ಈ ಕ್ಷಣ ಒರಳಿನ ಮೇಲೆ ನಿಂತು ಕೇಳಬೇಕೆಂದರೆ ಅಪ್ಪನ ದನಿ ಅದರ ಕೆಮ್ಮಿನ ಸಮೇತ ಬರುತ್ತದೆ, ಆ ದನಿಗೆ ಈ ಗುಂಯ್ ಮುಟ್ಟುವುದೇ ಇಲ್ಲ — ಅದೇ, ಅದೇ ಮೋಸ ಮಾಡಿದ್ದು ನನಗೆ. ಈಗ ಮೇಳದಲ್ಲಿ ಈರಪ್ಪ ಹಾಡುತ್ತಾನೆ, ನಾನು ಕೇಳುತ್ತೇನೆ ಅಂದುಕೊಂಡಿದ್ದೆ, ಕೇಳುತ್ತಿದ್ದದ್ದು ಅಪ್ಪನನ್ನ. ಈರಪ್ಪನ ತುಟಿ ನೋಡುತ್ತಿದ್ದೆ, ಅಪ್ಪನ ದನಿ ಹಚ್ಚಿಕೊಳ್ಳುತ್ತಿದ್ದೆ. ತುಟಿ. ತುಟಿಯೇ.

ತುಟಿ ನೋಡುವುದನ್ನ ಯಾರೂ ಕಲಿಸಲಿಲ್ಲ, ಕಲಿತದ್ದೂ ಗೊತ್ತಾಗಲಿಲ್ಲ, ಕೈಮಗ್ಗ ನಿಂತ ಮೇಲೆ ಪವರ್‌ಲೂಮಿನ ಶೆಡ್ಡಿಗೆ ಹೋದೆನಲ್ಲ, ಹರೆಯ ಅಲ್ಲಿಯೇ ಕಳೆಯಿತು, ತಗಡಿನ ಚಾವಣಿ, ಗೋಡೆಯಿಂದ ಗೋಡೆಗೆ ಮಗ್ಗ, ಖಟಖಟಖಟಖಟ, ಒಳಗೆ ಹೋದರೆ ಹಲ್ಲು ಅದುರುತ್ತಿದ್ದವು, ಅಲ್ಲಿ ಯಾರು ಯಾರಿಗೆ ಬಾಯಿಂದ ಹೇಳುತ್ತಿದ್ದರು, ಎಳೆ ಹರೀತು ಅಂದರೆ ಎರಡು ಬೆರಳು, ಚಾ ಬಂತು ಅಂದರೆ ಹೆಬ್ಬೆರಳು, ಮಾಲಕ ಬಂದ ಅಂದರೆ ಮೀಸೆ ತಿರುವಿದಂತೆ, ಉಳಿದದ್ದೆಲ್ಲ ತುಟಿ, ಅಹ್ಮದಸಾಬ ಆ ತುದಿಯಿಂದ ಬರೀ ತುಟಿ ಆಡಿಸಿ ಕೆಟ್ಟ ಕೆಟ್ಟ ನಗೆಮಾತು ಹೇಳುತ್ತಿದ್ದ, ನಾವು ಈ ತುದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು, ಒಂದು ದನಿ ಇಲ್ಲದೆ ಇಡೀ ಶೆಡ್ಡು ನಗುತ್ತಿತ್ತು. ಸಂಜೆ ಹೊರಗೆ ಬಂದರೆ ಕಿವಿಯೊಳಗೆ ಹತ್ತಿ ತುಂಬಿದಂತೆ, ಜೀರುಂಡೆ ಕೂತಂತೆ, ಮಲಗೆದ್ದರೆ ಹೋಗುತ್ತಿತ್ತು, ಹೋಗುತ್ತಿತ್ತಲ್ಲ, ಎಂದಿನಿಂದ ಹೋಗುವುದು ಬಿಟ್ಟಿತು? ಶಾಂತ ಮನುಷ್ಯ ನೋಡ್ರಿ ಜಾಫರಸಾಬ, ಒಂದು ಎತ್ತಿ ಮಾತಾಡಿದಾವಲ್ಲ, ಹೂಂ ಅಂದ್ರ ಹೂಂ, ನೆಂಟರ ಮನೆಯಲ್ಲಿ, ಮದುವೆಯಲ್ಲಿ, ಮಸೀದಿಯ ಕಟ್ಟೆಯ ಮೇಲೆ, ಎಲ್ಲರೂ ಇದನ್ನೇ ಅಂದರು, ನಾನೂ ನಂಬಿದೆ, ದೇವರು ನನಗೆ ಸಮಾಧಾನ ಕೊಟ್ಟಿದ್ದಾನೆ ಅಂದುಕೊಂಡೆ, ಜಗಳದಲ್ಲಿ ಬಾಯಿ ಹಾಕಲಿಲ್ಲ ಅಂದರೆ ಜಗಳ ಕೇಳಿಸಲೇ ಇಲ್ಲವೋ ಏನೋ, ಹೂಂ, ಆಯಿತು, ಹೂಂ, ಎಷ್ಟು ಮಂದಿಗೆ ಏನೇನಕ್ಕೆ ಹೂಂ ಅಂದಿರಬಹುದು. ಮುಂಜಾನೆಯ ಅಜಾನ್ — ಇವತ್ತು ಕೇಳಿದೆನೇ? ಎದ್ದೆ, ಜೈನಬಿ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಅಜಾನ್ ಆಯಿತು ಅಂತ ನಾನು ಎದ್ದು ಮುಖ ತೊಳೆಯಲು ಹೋದೆ. ನಿನ್ನೆ? ನಿನ್ನೆಯೂ ಸೆರಗು. ಅದರ ಮೊದಲು? ಸೆರಗು, ಸೆರಗು, ದಿನಾ ಅವಳ ಸೆರಗು ತಲೆಗೇರುವುದನ್ನ ಕಂಡು ಅಲ್ಲಾಹು ಅಕ್ಬರ್ ಅಂತ ಒಳಗೇ ಹಾಡಿಕೊಂಡಿದ್ದೇನೆ, ಅದೂ ಯಾರ ದನಿ, ನಾನು ಸಣ್ಣವನಿದ್ದಾಗಿನ ಮೌಲಾನಾರ ದನಿ, ಅವರು ತೀರಿ ಎಷ್ಟು ಕಾಲವಾಯಿತು. ಗುಂಯ್.

ಗುದ್ದಲಿ ಬಿದ್ದ ದಿನ, ಅಂದರೆ ಬೆಂಕಿ ಹಾಕುವ ಅಲಾಯಿ ಕುಣಿ ತೋಡಲು ಮೊದಲ ಗುದ್ದಲಿ ಹಾಕಿದ ದಿನ, ಈರಪ್ಪ ಬಂದ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೊಹರಮ್ ಬಂದರೆ ನಮಗಿಂತ ಮೊದಲು ಕಾಲಿಗೆ ಗೆಜ್ಜೆ ಕಟ್ಟುವವ ಅವನೇ, ಲೇ ಜಾಫರ್ಯಾ, ಈ ಸಲ ನಮ್ಮಪ್ಪನ ಕಾಲದಂಗ ನಡೀಬೇಕು, ನೀ ಎಲ್ಲೆಲ್ಲೋ ನಿಲ್ಲಬ್ಯಾಡ, ಕಿವಿ ನಿಲ್ಲೂ ಜಾಗಾ ಬೆನ್ನ ಹಿಂದ, ಅಲ್ಲೇ ನಿಲ್ಲು ಅಂದ. ಈಗೊಂದಿಷ್ಟು ವರ್ಷದಿಂದ ನಾನು ಎದುರಿಗೆ ಬಂದುಬಿಟ್ಟಿದ್ದೆ, ಮೊಣಕಾಲು ನೋವು, ಅಲ್ಲಿ ಕಂಬ ಐತಿ, ಒರಗಾಕ ಚಲೋ ಆಗ್ತೈತಿ ಅಂತ, ನಾನೇ ಹೇಳಿದ್ದು, ನಾನೇ ನಂಬಿದ್ದು, ಕಾಲಿಗೆ ಕಂಬ ಬೇಕಿರಲಿಲ್ಲ, ಕಣ್ಣಿಗೆ ಅವನ ಬಾಯಿ ಬೇಕಿತ್ತು. ಆ ಸಂಜೆ ತಾಲೀಮಿಗೆ ಬೆನ್ನ ಹಿಂದೆ ನಿಂತೆ. ಅವನ ಬೆನ್ನು, ಬೆವರಿದ ಅಂಗಿ, ಕೊರಳ ಮಡಿಕೆ, ಮೇಲೆ ಕೆಳಗೆ ಆಡುವ ಹೆಗಲು, ಮತ್ತೆ ಗುಂಯ್, ಗುಂಯ್ ಬಿಟ್ಟರೆ ಬೇರೆ ಇಲ್ಲ, ನಡುವೆ ಹೆಗಲು ನಿಂತಿತು, ಉಸಿರು ತೆಗೆದುಕೊಳ್ಳುತ್ತಿದ್ದಾನೆ ಅಂದುಕೊಂಡೆ, ಎಲ್ಲರೂ ನನ್ನ ಕಡೆಗೆ ತಿರುಗಿದರು, ಈರಪ್ಪನೂ ತಿರುಗಿದ, ಅವನ ಬಾಯಿ ಕಂಡಿತು, ಏನಲೇ, ನಿದ್ದಿ ಹೋದೇನು, ಮಾತು ಕೊಡಲೇ, ನಾ ನೀರಾಗ ಮುಳುಗಿದಂಗ ನಿಂತೇನಿ. ಮರೆತದ್ದು ಅವನು, ನಿಂತುಹೋದದ್ದು ಎಲ್ಲೆಂದು ನನಗೆ ತಿಳಿಯಲಿಲ್ಲ, ಇಡೀ ಪದ ಹೊಟ್ಟೆಯಲ್ಲಿದೆ, ಮೊದಲಿಂದ ಕೊನೆಯವರೆಗೆ ಇದೆ, ಯಾವ ಮಾತು ಕೊಡಲಿ, ಎಲ್ಲಿಂದ ಕೊಡಲಿ, ಅಷ್ಟು ಮಂದಿಯ ಮುಂದೆ ಮೈಯೆಲ್ಲ ಬೆಂಕಿಯಾಯಿತು, ಬಾಯಿಗೆ ಬಂದದ್ದು ಒಂದೇ, ಆ ನಾಗರತ್ನಾನ ಮಶೀನ್ ಸಪ್ಪಳಕ್ಕ ಏನೂ ಕೇಳವಲ್ದು. ಕಟ್ಟೆಯ ಎದುರಿಗೇ ಅವಳ ಮನೆಯ ಮುಂಬಾಗಿಲು, ಹಿತ್ತಲ ಸಪ್ಪಳ ಅಲ್ಲಿಯವರೆಗೆ ಬರುತ್ತದೋ ಇಲ್ಲವೋ ನಾನೇನು ಬಲ್ಲೆ, ಯಾರೂ ಎದುರು ಆಡಲಿಲ್ಲ, ಜಾಫರಸಾಬ ಸುಳ್ಳು ಹೇಳುವವನಲ್ಲ, ಸಪ್ಪಳದ ಮಾತಿಗಂತೂ ಅವನ ಕಿವಿಗಿಂತ ಸಾಕ್ಷಿ ಬೇಕೇ. ಈರಪ್ಪ ಅಲ್ಲಿಂದಲೇ ಒದರಿದ್ದು ತುಟಿಯಲ್ಲಿ ಕಂಡೆ, ಏ ನಾಗರತ್ನಾ, ದೇವರ ಪದಾ ಕೇಳಗೊಡವಲ್ದಲಾ ನಿನ್ನ ಮಶೀನು, ನಾಚಿಕಿ ಬರೂದಿಲ್ಲೇನು, ಅವಳು ಹೊಸ್ತಿಲಿಗೆ ಬಂದಳು, ಕೈ ತುಂಬ ಕೆಂಪು, ಮೊಣಕೈತನಕ ಕೆಂಪು, ನೋಡಿದಳು ನನ್ನನ್ನ, ಈರಪ್ಪನನ್ನ ಅಲ್ಲ, ನನ್ನನ್ನೇ.

ಮತ್ತೆ ನಾನು ಮಾಡಿದ್ದು. ಎತ್ತಿ ಮಾತಾಡದ ಜಾಫರಸಾಬ ಮಾಡಿದ್ದು. ಕುಣಿಯ ಊದಿ, ಹೋದ ವರ್ಷದ ಬೂದಿಯನ್ನ ನಾವು ಎತ್ತಿಟ್ಟಿರುತ್ತೇವೆ, ಮಕ್ಕಳಿಗೆ ಜ್ವರ ಬಂದರೆ ಹಣೆಗೆ ಹಚ್ಚುತ್ತೇವೆ, ಅದನ್ನ ಬೆರಳ ತುದಿಯಲ್ಲಿ ತೆಗೆದುಕೊಂಡು ಹೋಗಿ ಅವಳ ಮುಂದೆ ಹಿಡಿದೆ, ದೇವರು ಹೊಳಿಗೆ ಹೋಗೂತನಕ ಮಶೀನು ಹಚ್ಚಬ್ಯಾಡ, ಹಚ್ಚಿದ್ರ ಹುಸೇನಪೀರನ ಆಣಿ ಐತಿ. ಹಾಗಂದೆ. ಆಣಿ ಹಾಕುವುದು ಸಣ್ಣ ಮಾತೇ, ನಮ್ಮಲ್ಲಿ ಗಂಡ ಹೆಂಡತಿಗೆ ಹಾಕುವುದಿಲ್ಲ, ತಾಯಿ ಮಗನಿಗೆ ಹಾಕುವುದಿಲ್ಲ, ಗುದ್ದಲಿ ಬಿದ್ದ ಮೇಲೆ ಹಾಕಿದ ಆಣಿಯನ್ನ ಹೊಳೆಯ ನೀರೇ ಇಳಿಸಬೇಕು, ಅವಳು ತಲೆ ಬಾಗಿಸಿದಳು, ವಿಭೂತಿಯ ಮೇಲೆಯೇ ಊದಿ ಹಚ್ಚಿಸಿಕೊಂಡಳು, ನನ್ನ ಬೆರಳಿಗೆ ಅವಳ ಹಣೆಯ ಬೆವರು ತಾಗಿತು, ಒಳಗೆ ಹೋದಳು, ಆಗಲೇ ಕಿತ್ತಳು, ಈಗ ಕಾಣುತ್ತಿದೆಯಲ್ಲ ಮೊಳೆಗೆ, ಆಗಲೇ. ಅಂದಿನಿಂದ ಹೊಗೆ ಕುಡಿಯುತ್ತಿದ್ದಾಳೆ ಅವಳು, ನಾನು ಇಲ್ಲಿ ಕೂತು ಅವಳನ್ನ ಆಣಿ ಮುರಿದವಳೆಂದು — ಥಪ್. ಬೆನ್ನಿಗೆ ಏನೋ ಬಡಿಯಿತು. ಬಳ್ಳೊಳ್ಳಿಯ ಎಸಳು. ತಿರುಗಿದೆ, ಬೇವಿನ ಬುಡದಲ್ಲಿ ಜೈನಬಿ, ಮಡಿಲಲ್ಲಿ ಮೊರ, ಇನ್ನೊಂದು ಎಸಳು ಕೈಯಲ್ಲಿ ಹಿಡಿದಿದ್ದಾಳೆ, ನಾನು ತಿರುಗಿ ಅವಳ ಮೋರೆ ನೋಡಿದ ಮೇಲೆಯೇ ಅವಳ ತುಟಿ ಆಡಿತು, ಅಲ್ಲೇನ ಮಂಗ್ಯಾನಂಗ ಹತ್ತಿ ನಿಂತಿ, ಹಬ್ಬದ ಚೊಂಗೆ ತಣ್ಣಗಾಗ್ತಾವು, ತಿನ್ನು ಬಾ. ನೋಡಿದ ಮೇಲೆಯೇ. ಯಾವಾಗಲೂ ಹಾಗೆಯೇ, ಮೊದಲು ಎಸಳು, ಇಲ್ಲದಿದ್ದರೆ ಶೇಂಗಾ ಸಿಪ್ಪೆ, ಇಲ್ಲದಿದ್ದರೆ ನೀರು ಚಿಮುಕಿಸುವುದು, ಮುದುಕಿಯಾದರೂ ಹುಡುಗಾಟಿಕಿ ಬಿಡವಲ್ಲಿ ಅಂತ ನಗುತ್ತಿದ್ದೆ ನಾನು, ಮೊಮ್ಮಕ್ಕಳ ಮುಂದೆ ನಾಚುತ್ತಿದ್ದೆ ಕೂಡ, ಮಾತಾಡುವುದಿದ್ದರೆ ಸುತ್ತು ಹಾಕಿ ಎದುರಿಗೆ ಬಂದು ನಿಲ್ಲುತ್ತಿದ್ದಳು, ದೀಪ ನನ್ನ ಹಿಂದೆ ಇರುವ ಹಾಗೆ, ತನ್ನ ಮೋರೆಯ ಮೇಲೆ ಬೆಳಕು ಬೀಳುವ ಹಾಗೆ — ಹುಡುಗಾಟಿಕೆಯಲ್ಲ ಅದು. ಒರಳಿಂದ ಇಳಿದೆ, ಅವಳ ಎದುರು ಕೂತೆ, ನಿನಗ ಗೊತ್ತಿತ್ತೇನು? ಏನು ಅಂತ ಕೇಳಲಿಲ್ಲ ಅವಳು. ಗದ್ದ ಎತ್ತಿ, ನನಗೆ ಕಾಣಲೆಂದು ಗದ್ದ ಎತ್ತಿ, ಅಂದಳು, ಹೇಳಿ ಏನ ಮಾಡ್ಲಿ, ನೀ ಮಶೀನಿಗೆ ಬೈಕೋಂತ ಚಲೋ ಇದ್ದಿ. ಮಶೀನ್ ನಿಂತದ್ದು ಹೇಳಿದ್ನಿ, ಎರಡ ಸಲ ಹೇಳಿದ್ನಿ, ಹೂಂ ಅಂದಿ. ಮೂರನೇ ಸಲ ಹೇಳಾಕ ನನಗ ಹೆದರಿಕಿ ಬಂತು.

ಹೆದರಿಕೆ. ಅವಳಿಗೆ. ನನಗೇನು ಬಂದಿದೆ, ಇದಕ್ಕೆ ಹೆಸರಿಲ್ಲ, ಕೈಯಲ್ಲಿ ಹಿಡಿದ ಲಾಳಿಯಲ್ಲಿ ನೂಲೇ ಇರಲಿಲ್ಲ ಅಂತ ಸೀರೆ ಮುಗಿದ ಮೇಲೆ ತಿಳಿದಂತೆ, ಇಷ್ಟು ದಿನ ನೆಯ್ದದ್ದೇನು ಹಾಗಾದರೆ, ಯಾರ ಪದ, ಯಾರ ಅಜಾನ್, ಯಾರ ಮಾತು. ಇವತ್ತು ಖತಲ, ದೇವರು ಹೊಳೆಗೆ ಹೋಗುವ ಹಿಂದಿನ ರಾತ್ರಿ, ಸಂಜೆಗೆ ಮೇಳ ಹಾಡಲು ನಿಲ್ಲುತ್ತದೆ, ಹುನಗುಂದದಿಂದ, ಗುಳೇದಗುಡ್ಡದಿಂದ ಜನ ಬರುತ್ತಾರೆ, ಈರಪ್ಪನ ಬೆನ್ನ ಹಿಂದೆ ನಿಲ್ಲಬೇಕು, ಆ ಬೆನ್ನು, ಆ ಕೊರಳ ಮಡಿಕೆ, ಹೆಗಲು ನಿಂತರೆ ಮತ್ತೆ ಎಲ್ಲರೂ ತಿರುಗುತ್ತಾರೆ, ಈ ಸಲ ಏನು ಹೇಳಲಿ, ಮಶೀನು ನಿಂತಿದೆ, ಊರಿಗೆಲ್ಲ ಗೊತ್ತು ನಿಂತದ್ದು, ನನ್ನೊಬ್ಬನಿಗೇ ಗೊತ್ತಿರಲಿಲ್ಲ — ಆಗ ಬಂತು ಆ ವಿಚಾರ, ಬಂದದ್ದೇ ತಡ ಎದ್ದು ನಿಂತಿದ್ದೆ, ಚಾಲೂ ಆದರೆ? ಸಂಜೆಗೆ ಅದು ಚಾಲೂ ಇದ್ದರೆ? ಸಪ್ಪಳ ಇತ್ತು, ಕೇಳಲಿಲ್ಲ, ಮತ್ತೆ ಎದುರಿಗೆ ಬಂದು ಕಂಬಕ್ಕೆ ನಿಲ್ಲುತ್ತೇನೆ ಅನ್ನಬಹುದು, ಎದುರಿಗೆ ನಿಂತರೆ ಈರಪ್ಪನ ತುಟಿ ಸಿಗುತ್ತದೆ, ತುಟಿ ಸಿಕ್ಕರೆ ಪದ ಸಿಗುತ್ತದೆ, ಈ ವರ್ಷ ದಾಟುತ್ತದೆ, ಒಂದು ವರ್ಷ, ಅಷ್ಟೇ, ಮುಂದಿನದು ಮುಂದೆ. ಅವಳಿಗೂ ಹೊಗೆ ತಪ್ಪುತ್ತದಲ್ಲ, ಹೌದು, ಅದನ್ನೇ ಹೇಳಬೇಕು, ಹೊಗೆಯ ಮಾತನ್ನೇ ಮುಂದೆ ಮಾಡಬೇಕು, ಎಷ್ಟು ಚಂದ ಹೊಂದಿಕೊಳ್ಳುತ್ತದೆ ನೋಡು, ಅವಳ ಎದೆಗೂ ಒಳ್ಳೆಯದು ನನ್ನ ಮಾನಕ್ಕೂ ಒಳ್ಳೆಯದು, ತೋಬಾ ತೋಬಾ, ಎಂಥ ಮಾತು ಕೈ ಹಿಡಿದು ಕರಕೊಂಡು ಹೋಗುತ್ತಿದೆ ನನ್ನನ್ನ, ಓಣಿ ದಾಟುತ್ತಿದ್ದೇನೆ, ಯಾರೋ ಬೈಕಿನವನು ಹಿಂದಿಂದ ಬಂದು ಮೈಗೆ ಒರಸಿದಂತೆ ಹೋದ, ತಿರುಗಿ ಬಾಯಿ ಮಾಡಿದ, ಹಾರನ್ ಹೊಡದದ್ದು ಕೇಳ್ಲಿಲ್ಲೇನ ಮುದುಕಾ, ಕೇಳಲಿಲ್ಲಪ್ಪಾ, ಮೊದಲ ಸಲ ಗೊತ್ತಾಯಿತು ಕೇಳಲಿಲ್ಲ ಅಂತ, ಇಷ್ಟು ದಿನ ಯಾವನೂ ಹಾರನ್ ಹೊಡೆಯದೆ ಮೈಮೇಲೆ ಬರುತ್ತಾರೆ ಅಂದುಕೊಂಡಿದ್ದೆ.

ನಾಗರತ್ನಾಳ ಅಂಗಳ, ಮೂರು ಕಲ್ಲಿನ ಮೇಲೆ ತಾಮ್ರದ ಹಂಡೆ, ಕೆಳಗೆ ಹಸಿ ಜಾಲಿ ಉರಿಯಲಾರದೆ ಹೊಗೆಯುತ್ತಿದೆ, ಹಂಡೆಯಲ್ಲಿ ಕೆಂಪು ಕುದಿಯುತ್ತಿದೆ, ಅವಳು ಕೋಲಿಗೆ ಲಡಿ ಹಾಕಿ ಮುಳುಗಿಸಿ ತಿರುವಿ ಎತ್ತುತ್ತಾಳೆ, ಮೂಗಿಗೂ ಬಾಯಿಗೂ ಸೇರಿಸಿ ಸೆರಗು ಬಿಗಿದುಕೊಂಡಿದ್ದಾಳೆ, ಮೇಲೆ ಕಣ್ಣೆರಡೇ, ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆದಂಥ ಕಣ್ಣು. ನನ್ನನ್ನ ಕಂಡು ಕೋಲು ಕೆಳಗಿಟ್ಟಳು. ಸೆರಗಿನ ಬಟ್ಟೆ ಒಳಗಿಂದ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು, ಮಾತಾಡುತ್ತಿದ್ದಾಳೆ. ನನಗೆ ಗುಂಯ್. ಗಂಟಲಿಗೆ ಹೂಂ ಬಂದಿತ್ತು, ನಾಲಿಗೆಯ ತುದಿಗೇ ಬಂದಿತ್ತು, ಹಲ್ಲು ಕಚ್ಚಿ ತಡೆದೆ, ಜೀವಮಾನದಲ್ಲಿ ಮೊದಲನೆಯ ಸಲ ಒಂದು ಹೂಂ ತಡೆದೆ. ಬಾರವ್ವಾ, ಮಶೀನ್ ಹಚ್ಚು, ಅಂದೆ. ಈ ಹೊಗಿ ಸಾಕು ಮಾಡು, ನಿನ್ನ ಎದಿ ನೋಡ್ಕೋ, ನಾ ಹಾಕಿದ ಆಣಿ ನಾನ ತಗದೇನಿ, ದೇವರ ಮುಂದ ನಾ ಹೇಳ್ಕೋತೇನಿ, ಈಗ ಹಚ್ಚು, ಇವತ್ತ ಸಂಜಿಗೆ ಹಚ್ಚು. ನನ್ನ ದನಿ ನನಗೇ ದೂರದಿಂದ ಬಂತು, ಎಷ್ಟು ಎತ್ತಿ ಹೇಳಿದೆನೋ, ಎದುರಿನ ಕಟ್ಟೆಯ ಮೇಲೆ ಕೂತವರು ತಿರುಗಿ ನೋಡಿದರು. ಸೆರಗು ಉಬ್ಬಿತು, ಇಳಿಯಿತು. ಅವಳ ಕಣ್ಣಲ್ಲಿ ನೀರು, ಹೊಗೆಯದೋ, ನಾನು ಅವಳಿಗಾಗಿ ಬಂದಿದ್ದೇನೆಂದು ತಿಳಿದು ಬಂದದ್ದೋ, ಹಾಗೆ ತಿಳಿಯಬ್ಯಾಡವ್ವಾ, ಹಾಗೆ ಮಾತ್ರ ತಿಳಿಯಬ್ಯಾಡ, ನನಗೆ ಮಾನ ಹೋಗುತ್ತದೆ, ಅದಕ್ಕೆ ಬಂದಿದ್ದೇನೆ, ಸಂಜೆಗೆ ಆ ಬೆನ್ನಿನ ಹಿಂದೆ ನಿಲ್ಲಲಾರೆ, ಅದಕ್ಕೆ ಬಂದಿದ್ದೇನೆ, ಒಂದು ಸಪ್ಪಳ ಕೊಡು ನನಗೆ, ಎಲ್ಲರಿಗೂ ಕೇಳುವಂಥ ಒಂದು ಸಪ್ಪಳ, ನನ್ನದೊಂದೇ ಆದದ್ದನ್ನ ಅದರ ಕೆಳಗೆ ಮುಚ್ಚಿಕೊಳ್ಳುತ್ತೇನೆ, ಇದನ್ನೆಲ್ಲ ಬಾಯಿಂದ ಹೇಳಲಿಲ್ಲ, ಬಾಯಿಂದ ಬಂದದ್ದು ಅದೇ, ಹಚ್ಚವ್ವಾ, ಕೈ ಮುಗಿತೇನಿ ಹಚ್ಚು. ಕೈ ಮುಗಿದೇಬಿಟ್ಟೆ. ಅವಳು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು, ಕೆಂಪು ಕೈಯಿಂದ ಸೆರಗಿನ ಗಂಟು ಎಳೆದಳು, ಸೆರಗು ಕೊರಳಿಗೆ ಬಿತ್ತು, ಬಾಯಿ ಕಂಡಿತು, ಮೊದಲು ಕೆಮ್ಮು, ಬಗ್ಗಿ ಮೊಣಕಾಲು ಹಿಡಿದು ಕೆಮ್ಮಿದಳು, ಮೈಯೆಲ್ಲ ಅಲುಗುವಂಥ ಕೆಮ್ಮು, ನನ್ನ ಕಡೆಗೆ ಬಂದದ್ದು ಗುಂಯ್, ಆಮೇಲೆ ನೆಟ್ಟಗಾದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟಳು, ಒಣಗಿ ಬಿರಿದ ತುಟಿ, ಕೆಳತುಟಿಯ ನಡುವೆ ಒಂದು ಸೀಳು, ಆ ತುಟಿ ಆಡಿತು, ಆಣಿ ನಾ ನಿಮಗ ಕೊಟ್ಟಿಲ್ರಿ ಕಾಕಾ, ಅಲ್ಲಿ ಕಟ್ಟಿ ಮ್ಯಾಲ ಕುಂತಾನಲ್ಲ ಹುಸೇನಪೀರ, ಅವಗ ಕೊಟ್ಟೇನಿ, ನಾಳಿ ಹೊಳಿಗೆ ಹೋಗ್ಲಿ, ಆಮ್ಯಾಲೆ ನೋಡೂಣು. ಇವತ್ತೊಂದಿನ ಅಂದೆ. ಸಂಜಿತನಕ ಅಂದೆ. ಒಂದು ತಾಸು ಅಂದೆ. ತಲೆ ಅಲ್ಲಾಡಿಸಲಿಲ್ಲ, ಕೈ ಎತ್ತಲಿಲ್ಲ, ಬರೀ ತುಟಿ, ಮುಂದಕ್ಕೆ ಬಂದು ಗುಂಡಗಾದವು, ಒಳಗೆ ನಾಲಿಗೆ ಮೇಲಿನ ಹಲ್ಲಿನ ಹಿಂದಕ್ಕೆ ಹೋಗಿ ಒತ್ತಿ ನಿಂತಿತು, ಬಿಟ್ಟಿತು, ತುಟಿ ಅಗಲವಾದವು, ಎಷ್ಟು ಸ್ಪಷ್ಟ, ಇಷ್ಟು ಸ್ಪಷ್ಟವಾಗಿ ಯಾರ ಮಾತನ್ನೂ ಕೇಳಿರಲಿಲ್ಲ ನಾನು, ಮತ್ತೆ ಗುಂಡಗಾದವು, ಮತ್ತೆ ನಾಲಿಗೆ, ಮತ್ತೆ ಅಗಲ — ಒಲ್ಲೆ.